ಸಹಾಯ ಬೇಕು: ಚಿಕಿತ್ಸೆಗಾಗಿ ಕ್ಲೋನಿಂಗ್, ಮಕ್ಕಳಿಗೆ ಹೇಗೆ ವಿವರಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಶನಿವಾರ ನಮ್ಮಲ್ಲಿ ಚರ್ಚಾ ಸ್ಪರ್ಧೆ. ರೋಗ ವಾಸಿ ಮಾಡಲು ಮನುಷ್ಯ ಭ್ರೂಣವನ್ನು ಕ್ಲೋನ್ ಮಾಡುವುದು ಸರಿಯೇ ಎಂಬುದು ವಿಷಯ.

ಇದು ಮಗು ಹುಟ್ಟಿಸುವ ಕ್ಲೋನಿಂಗ್ ಅಲ್ಲ. ನ್ಯೂಕ್ಲಿಯಸ್ (ವಂಶವಾಹಿಗಳಿರುವ ಕೋಶಕೇಂದ್ರ) ತೆಗೆದ ಅಂಡಾಣುವಿನೊಳಗೆ ರೋಗಿಯ ಚರ್ಮದ ಕೋಶದ ನ್ಯೂಕ್ಲಿಯಸ್ ಇಡುತ್ತಾರೆ. ಕೆಲವೇ ದಿನ ಬೆಳೆಸಿ ಸ್ಟೆಮ್ ಸೆಲ್, ಅಂದರೆ ದೇಹದ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ತೆಗೆಯುತ್ತಾರೆ. ಭ್ರೂಣ ಅಲ್ಲಿಗೆ ಮುಗಿಯುತ್ತದೆ.

ಭ್ರೂಣಕ್ಕೆ ಜೀವ ಇದೆಯಾ ಇಲ್ವಾ ಅಂತಷ್ಟೇ ಮಕ್ಕಳು ವಾದ ಮಾಡುತ್ತಿದ್ದಾರೆ. ನನ್ನನ್ನು ಕಾಡುವುದು ಬೇರೆ. ಅಂಡಾಣು ಕೊಡುವವರು ಯಾರು? ಐವಿಎಫ್ (ದೇಹದ ಹೊರಗೆ ಗರ್ಭಧಾರಣೆ) ಸಮಯದಲ್ಲಿ ಹೆಚ್ಚು ಅಂಡಾಣು ಬೆಳೆಯಲೆಂದು ನಾನೇ ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಂಡವಳು. ಹೊಟ್ಟೆ ಊದಿ ಸೀರೆಯ ನೆರಿಗೆ ಸಿಕ್ಕಿಸಲೂ ಆಗುತ್ತಿರಲಿಲ್ಲ. ನನಗಾದರೆ ಮಗುವಿನ ಆಸೆ ಇತ್ತು. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ ಸುಕ್ ಅವರ ಇಂಥ ಕ್ಲೋನಿಂಗ್ ಪ್ರಯೋಗಗಳಿಗೆ 2,000ಕ್ಕೂ ಹೆಚ್ಚು ಅಂಡಾಣು ತೆಗೆದುಕೊಂಡಿದ್ದರು. ಅವರ ಲ್ಯಾಬಿನ ಕಿರಿಯ ಸಂಶೋಧಕಿಯರೂ ಕೊಟ್ಟಿದ್ದರು. ಗುರುಗಳ ಕೆಲಸಕ್ಕೆ ಬೇಕು ಅಂದಾಗ ಬೇಡ ಅನ್ನೋದು ಸುಲಭವೇ? ಕೊನೆಗೆ ಆ ಫಲಿತಾಂಶಗಳೇ ಸುಳ್ಳು ಎಂದು ಗೊತ್ತಾಯಿತು.

ಸ್ಟೆಮ್ ಸೆಲ್ ಕ್ಷೇತ್ರದಲ್ಲಿರುವವರು ಯಾರಾದರೂ ಇದ್ದೀರಾ? ಜಪಾನಿನ ವಿಜ್ಞಾನಿ ಯಮನಾಕ ಅಂಡಾಣು ಇಲ್ಲದೆ ಚರ್ಮದ ಕೋಶದಿಂದಲೇ ಸ್ಟೆಮ್ ಸೆಲ್‌ನಂಥ ಕೋಶ ಮಾಡಿ 2012ರಲ್ಲಿ ನೊಬೆಲ್ ಪಡೆದರು. ಹಾಗಿದ್ದರೂ ಕ್ಲೋನಿಂಗ್ ಬೇಕೇ ಬೇಕಾ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಸ್ಟೆಮ್ ಸೆಲ್ ಸಂಶೋಧನೆಯ ಮಾರ್ಗಸೂಚಿಯನ್ನು ಸರಳ ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ದಯವಿಟ್ಟು ಕಳಿಸಿ. ಅರ್ಧ ಗಂಟೆ ಫೋನಿನಲ್ಲಿ ಮಕ್ಕಳ ಜೊತೆ ಮಾತಾಡಿದರೂ ಸಾಕು. ಶುಕ್ರವಾರದೊಳಗೆ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.