ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಎದೆಯ ಹೆದರಿಕೆ ಹೋಗುತ್ತಿಲ್ಲ

ಪರ್ಕಳದವಳು:

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಪರ್ಕಳದಲ್ಲಿ ಮನೆ, ಉಡುಪಿಯ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರ್ ಕೆಲಸ. ಬಿಪಿ ಇಲ್ಲ, ಶುಗರ್ ಇಲ್ಲ. ಆದರೂ ನನಗೆ ಹಾರ್ಟ್ ಅಟ್ಯಾಕ್ ಆಗಿಯೇ ಆಗುತ್ತದೆ ಎನ್ನುವ ಹೆದರಿಕೆ ಬಿಟ್ಟು ಹೋಗುತ್ತಿಲ್ಲ.

ಆಗುವುದು ಹೀಗೆ. ಎದೆಯ ಎಡಗಡೆ ಚುಳ್ ಎನ್ನುತ್ತದೆ. ಒಮ್ಮೊಮ್ಮೆ ಒಂದು ಬಡಿತ ತಪ್ಪಿ ಮುಂದಿನದ್ದು ಧಡ್ ಅಂತ ಬೀಳುತ್ತದೆ. ಎಷ್ಟು ಉಸಿರು ಎಳೆದರೂ ಸಾಕಾಗುವುದಿಲ್ಲ. ಆಮೇಲೆ ಬೆರಳ ತುದಿ, ತುಟಿಯ ಸುತ್ತ ಜುಮುಜುಮು. ಇಂದ್ರಾಳಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತರೂ ಸಾಕು, ಇಳಿದು ಓಡಬೇಕು ಅನ್ನಿಸುತ್ತದೆ. ಇಳಿದದ್ದೂ ಉಂಟು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಎಲ್ಲರ ಹಾಗೆ ನಾನೂ ಹೆದರಿದ್ದೆ. 46 ವರ್ಷ, ಅಷ್ಟು ಗಟ್ಟಿಮುಟ್ಟಾದ ಮನುಷ್ಯ. ಅದು ಕೆಲವು ತಿಂಗಳಲ್ಲಿ ಕಡಿಮೆ ಆಯಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ದಿನಾ ಬರತೊಡಗಿದ ಮೇಲೆ ಮತ್ತೆ ಹಿಡಿಯಿತು, ಈ ಸಲ ಬಿಡಲೇ ಇಲ್ಲ.

ಇಸಿಜಿ, ಎಕೋ, ಟಿಎಂಟಿ, ಥೈರಾಯ್ಡ್, ರಕ್ತ, ಎಲ್ಲ ಆಗಿದೆ. ಎಲ್ಲ ನಾರ್ಮಲ್. ರಿಪೋರ್ಟ್ ಕೈಗೆ ಬಂದ ದಿನ ಮನಸ್ಸು ಹಗುರ. ಮಗನನ್ನು ಕರೆದುಕೊಂಡು ಮಲ್ಪೆಗೂ ಹೋಗುತ್ತೇವೆ. ಸ್ವಲ್ಪ ದಿನ ಕಳೆದರೆ ಮತ್ತೆ ಶುರು. ಟೆಸ್ಟ್ ಮಾಡಿಸಿದ ಮೇಲೆ ಏನಾದರೂ ಆಗಿರಬಹುದಲ್ವಾ? ಕೌಂಟರಿನ ಕೆಳಗೆ ಕೈ ಇಟ್ಟು ನಾಡಿ ನೋಡಿಕೊಳ್ಳುತ್ತೇನೆ. ಕೊರೊನಾ ಸಮಯದಲ್ಲಿ ತಂದ ಆಕ್ಸಿಮೀಟರ್ ಈಗಲೂ ದಿಂಬಿನ ಪಕ್ಕದಲ್ಲೇ. ರಾತ್ರಿ ಎಚ್ಚರವಾದರೆ ಗೂಗಲ್.

ಒಬ್ಬರು ಡಾಕ್ಟರು ‘ನಿಮಗೆ ಎಂತದ್ದೂ ಇಲ್ಲ, ಟೆನ್ಶನ್ ಬಿಡಿ’ ಅಂದರು. ನನಗೆ ನಿಜವಾಗಿಯೂ ನೋಯುತ್ತದೆ. ಏನೂ ಇಲ್ಲ ಅಂದರೆ ನಾನು ಸುಳ್ಳು ಹೇಳುತ್ತಿದ್ದೇನೆ ಅಂತಲಾ? ಅತ್ತೆ ಜ್ಯೋತಿಷಿಯ ಹತ್ತಿರ ತಾಂಬೂಲ ಪ್ರಶ್ನೆ ಇಡಿಸೋಣ ಅನ್ನುತ್ತಾರೆ. ಮಾನಸಿಕ ಡಾಕ್ಟರ ಹತ್ತಿರ ಹೋಗು ಅಂತ ಒಬ್ಬಳು ಗೆಳತಿ ಹೇಳಿದಳು, ಅದಕ್ಕೂ ಹೆದರಿಕೆ. ಇದರಿಂದ ಹೊರಗೆ ಬಂದವರು ಇದ್ದರೆ ದಯವಿಟ್ಟು ಹೇಳಿ.

ಸುರತ್ಕಲ್ ಗಾಳಿ:

ಅಕ್ಕ, ನನಗೂ ಎದೆಯಲ್ಲಿ ಹೀಗೇ ಆಗುತ್ತಿತ್ತು. ಕೊನೆಗೆ ಗೊತ್ತಾದದ್ದು ಆಸಿಡಿಟಿ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವುದು ನಿಲ್ಲಿಸಿದೆ, ಚಾ ಕಡಿಮೆ ಮಾಡಿದೆ. ತುಂಬಾ ಕಡಿಮೆ ಆಯಿತು. ಒಮ್ಮೆ ಅದನ್ನೂ ಡಾಕ್ಟರ ಹತ್ತಿರ ಕೇಳಿ ನೋಡಿ.

ಕಂಕನಾಡಿ ಸಿಸ್ಟರ್:

ನಾನು ಮಂಗಳೂರಿನಲ್ಲಿ ತುಂಬಾ ವರ್ಷ ಎಮರ್ಜೆನ್ಸಿಯಲ್ಲಿ ನರ್ಸ್ ಆಗಿದ್ದವಳು. ನೀವು ಸುಳ್ಳು ಹೇಳುತ್ತಿಲ್ಲ. ನೋವು ನಿಜ, ಬಡಿತ ತಪ್ಪಿದ್ದು ನಿಜ, ಜುಮುಜುಮು ನಿಜ. ‘ಏನೂ ಇಲ್ಲ’ ಅನ್ನುವ ಮಾತು ನನಗೂ ಸರಿ ಕಾಣುವುದಿಲ್ಲ. ಹೃದಯದಲ್ಲಿ ರೋಗ ಇಲ್ಲ ಎನ್ನುವುದು ಬೇರೆ, ನಿಮಗೆ ಏನೂ ಆಗುತ್ತಿಲ್ಲ ಎನ್ನುವುದು ಬೇರೆ.

ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಎದೆ ಮತ್ತು ಭುಜದ ಸ್ನಾಯು ಬಿಗಿಯುತ್ತದೆ. ಇಡೀ ದಿನ ಬಿಗಿದುಕೊಂಡೇ ಇದ್ದರೆ ನೋಯದೆ ಇರುತ್ತದಾ? ಬಡಿತ ತಪ್ಪಿತು ಅಂತ ನಿಮಗೆ ಅನ್ನಿಸುವುದು ಹೆಚ್ಚಾಗಿ ಒಂದು ಬಡಿತ ಸ್ವಲ್ಪ ಬೇಗ ಬಂದದ್ದು. ಅದರ ನಂತರ ಸಣ್ಣ ಬಿಡುವು, ಆ ಬಿಡುವಿನಲ್ಲಿ ಹೃದಯಕ್ಕೆ ರಕ್ತ ಜಾಸ್ತಿ ತುಂಬುತ್ತದೆ, ಹಾಗಾಗಿ ಮುಂದಿನದ್ದು ಧಡ್ ಎನ್ನುತ್ತದೆ. ಆರೋಗ್ಯವಾಗಿರುವವರಿಗೂ ಇದು ಆಗುತ್ತದೆ. ತುಂಬಾ ಜನರಿಗೆ ಗೊತ್ತೇ ಆಗುವುದಿಲ್ಲ, ನಿಮ್ಮ ಗಮನ ಅಲ್ಲೇ ಇರುವುದರಿಂದ ನಿಮಗೆ ಗೊತ್ತಾಗುತ್ತದೆ. ನಿದ್ದೆಗೆಟ್ಟರೆ, ಕಾಫಿ ಜಾಸ್ತಿಯಾದರೆ ಇನ್ನೂ ಹೆಚ್ಚು.

ಉಸಿರಿನ ವಿಷಯ ಸರಿಯಾಗಿ ಕೇಳಿ. ಸಾಕಾಗಲಿಲ್ಲ ಅಂತ ನೀವು ಮತ್ತೆ ಮತ್ತೆ ದೊಡ್ಡ ಉಸಿರು ಎಳೆಯುತ್ತೀರಿ. ಆಮ್ಲಜನಕ ಕಡಿಮೆ ಆಗಿರುವುದೇ ಇಲ್ಲ, ನಿಮ್ಮ ಆಕ್ಸಿಮೀಟರೇ ಅದನ್ನು ತೋರಿಸುತ್ತಿರಬೇಕು. ಕಡಿಮೆ ಆಗುವುದು ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್. ಅದು ಇಳಿದಾಗಲೇ ತಲೆ ತಿರುಗುವುದು, ಬೆರಳು ಮತ್ತು ತುಟಿ ಜುಮ್ಮೆನ್ನುವುದು. ಆದ್ದರಿಂದ ಆ ಹೊತ್ತಿಗೆ ‘ದೀರ್ಘ ಉಸಿರು ತೆಗೆದುಕೊ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೂಗಿನಲ್ಲಿ ಮೆಲ್ಲ ಒಳಗೆ, ನಾಲ್ಕು ಎಣಿಸಿ. ಹೊರಗೆ ಬಿಡುವುದು ಇನ್ನೂ ಮೆಲ್ಲ, ಆರು ಎಣಿಸಿ. ಪ್ಯಾನಿಕ್, ಅಂದರೆ ಹೀಗೆ ಒಮ್ಮೆಗೇ ಏರಿ ಬರುವ ಹೆದರಿಕೆ, ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ತುದಿಗೆ ಹೋಗಿ ಇಳಿಯಲು ಶುರುವಾಗುತ್ತದೆ. ಬಸ್ಸಿನಿಂದ ಇಳಿಯದಿದ್ದರೂ ಅದು ಇಳಿಯುತ್ತದೆ.

ಹಾಸನದ ಬಗ್ಗೆಯೂ ಹೇಳಬೇಕು. ಆಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಹೆದರಿದ ಜನರ ಸಾಲು ಎಷ್ಟಿತ್ತು ಅಂತ ಎಲ್ಲರೂ ನೋಡಿದ್ದಾರೆ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. 2025ರ ಜುಲೈಯಲ್ಲಿ ಬಂದ ವರದಿಯ ಪ್ರಕಾರ ಅಲ್ಲಿ ಹೃದಯಾಘಾತ ಹಠಾತ್ತಾಗಿ ಏರಿರಲಿಲ್ಲ. ಸಾವಿನ ಸುದ್ದಿ ದಿನಾ ಬಂದಷ್ಟು ಈ ಸುದ್ದಿ ಬರಲಿಲ್ಲ, ನನಗೆ ಅದೇ ಬೇಸರ.

ಆದರೆ ಇದನ್ನೂ ನೆನಪಿಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಅದುಮಿದಂತಾಗಿ ಕೂತರೆ ಕಡಿಮೆ ಆಗುವುದು, ನೋವು ಕೈಗೆ, ದವಡೆಗೆ, ಬೆನ್ನಿಗೆ ಹೋಗುವುದು, ತಣ್ಣಗೆ ಬೆವರುವುದು, ವಾಂತಿ, ಎಚ್ಚರ ತಪ್ಪುವುದು, ಇಂಥದ್ದು ಹೊಸದಾಗಿ ಬಂದರೆ ಯೋಚಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಹೆಂಗಸರಿಗೆ ಕೆಲವೊಮ್ಮೆ ಎದೆನೋವಿಗಿಂತ ಸುಸ್ತು, ಉಬ್ಬಸವೇ ಎದ್ದು ಕಾಣುತ್ತದೆ. ಆತಂಕ ಇರುವವರಿಗೆ ಹೃದಯದ ಕಾಯಿಲೆ ಬರುವುದಿಲ್ಲ ಅಂತ ಏನಿಲ್ಲ.

ಮುಲ್ಕಿ ಮೇಷ್ಟ್ರು:

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನನ್ನ ಹೆದರಿಕೆ ಮೆದುಳಿನ ಗಡ್ಡೆಯದ್ದು. ತಲೆಯ ಹಿಂಭಾಗ ಹಿಡಿದರೆ ಸಾಕು, ಮುಗಿಯಿತು ಅನ್ನಿಸುತ್ತಿತ್ತು. ಪಾಠ ಮಾಡುವಾಗ ಒಂದು ಪದ ಬಾಯಿಗೆ ಬಾರದಿದ್ದರೆ ಮಕ್ಕಳ ಎದುರೇ ಬೆವರುತ್ತಿದ್ದೆ. ಸ್ಕ್ಯಾನ್ ನಾರ್ಮಲ್ ಬಂದ ಮೇಲೂ ಅಷ್ಟೇ.

ನನ್ನನ್ನು ಹೊರಗೆ ತಂದದ್ದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಜೊತೆಗೆ ಕೆಲವು ಕಾಲ ಮಾತ್ರೆ. ಅಲ್ಲಿ ಕಲಿತದ್ದರಲ್ಲಿ ನಿಮಗೆ ಹೇಳಲೇಬೇಕಾದದ್ದು ಒಂದು. ನಾಡಿ ನೋಡುವುದು, ಗೂಗಲ್, ಇನ್ನೊಂದು ಇಸಿಜಿ, ‘ನನಗೆ ಏನೂ ಆಗುವುದಿಲ್ಲ ಅಲ್ವಾ’ ಅಂತ ಮನೆಯವರನ್ನು ಕೇಳುವುದು, ಇವೆಲ್ಲ ಒಂದೇ ಕೆಲಸ. ಆ ಗಳಿಗೆಗೆ ಸಮಾಧಾನ ಕೊಡುತ್ತವೆ, ಹೆದರಿಕೆಯನ್ನು ಉಳಿಸುತ್ತವೆ. ಗಾಯ ಒಣಗಿದೆಯಾ ಅಂತ ಪದೇಪದೇ ಕೆರೆದು ನೋಡಿದ ಹಾಗೆ.

ಒಮ್ಮೆಗೇ ಎಲ್ಲ ಬಿಡಲು ಆಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಮುಂದೂಡಿ. ನಾಡಿ ನೋಡಬೇಕು ಅನ್ನಿಸಿದಾಗ ‘ಹತ್ತು ನಿಮಿಷ ಬಿಟ್ಟು ನೋಡುತ್ತೇನೆ’ ಅಂತ ಹೇಳಿಕೊಂಡು ನೋಟು ಎಣಿಸುವುದನ್ನು ಮುಂದುವರಿಸಿ. ಮೊದಲು ತುಂಬಾ ಕಷ್ಟ. ನಂತರ ಆ ಹತ್ತು ನಿಮಿಷದಲ್ಲಿ ಮರೆತೇ ಹೋಗುವ ದಿನ ಬರುತ್ತದೆ. ಆಕ್ಸಿಮೀಟರ್ ಮಲಗುವ ಕೋಣೆಯಿಂದ ಹೊರಗೆ ಹೋಗಲಿ. ಡಾಕ್ಟರ್ ಒಬ್ಬರೇ ಇರಲಿ, ಹೊಸ ಟೆಸ್ಟ್ ಬೇಕಾ ಬೇಡವಾ ಅಂತ ಅವರು ಹೇಳಲಿ.

ಮನೆಯವರಿಗೂ ಹೇಳಿಕೊಡಬೇಕಾಗುತ್ತದೆ. ನನ್ನ ಹೆಂಡತಿ ಪಾಪ, ಕೇಳಿದಷ್ಟು ಸಲ ಧೈರ್ಯ ಹೇಳುತ್ತಿದ್ದಳು. ಥೆರಪಿಸ್ಟ್ ಅವಳನ್ನೂ ಕೂರಿಸಿ ಮಾತಾಡಿದರು. ಆಮೇಲೆ ನಾನು ಕೇಳಿದರೆ ‘ಅದಕ್ಕೆ ಉತ್ತರ ಹೇಳುವುದಿಲ್ಲ, ಹೆದರಿಕೆ ಆಗುತ್ತಿದೆ ಅಂತ ಗೊತ್ತು, ಬನ್ನಿ ಅಂಗಳದಲ್ಲಿ ಕೂರುವ’ ಅನ್ನುತ್ತಿದ್ದಳು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಮಾತ್ರೆಯಷ್ಟೇ ಕೆಲಸ ಅದೂ ಮಾಡಿದೆ.

ಅತ್ತೆಯವರ ಜೊತೆ ಜಗಳ ಬೇಡ. ಪ್ರಶ್ನೆ ಇಡಿಸಿದರೆ ಇಡಿಸಲಿ. ಚಿಕಿತ್ಸೆ ಮಾತ್ರ ಅದಕ್ಕಾಗಿ ಕಾಯುವುದು ಬೇಡ.

ಪರ್ಕಳದವಳು:

ಓದುತ್ತಾ ಕಣ್ಣೀರು ಬಂತು. ಜುಮುಜುಮು ಎಲ್ಲಿಂದ ಬರುತ್ತದೆ ಅಂತ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಗಂಡನಿಗೂ ಓದಲು ಕೊಟ್ಟೆ. ಎರಡು ವಿಷಯ ಕೇಳಲಾ? ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬೇಕಾಗುತ್ತದಾ? ಮತ್ತೆ, ಖರ್ಚು ಜಾಸ್ತಿ ಇಲ್ಲದೆ ಉಡುಪಿಯಲ್ಲಿ ಎಲ್ಲಿಗೆ ಹೋಗಬಹುದು? ಟೆಸ್ಟುಗಳಿಗೇ ತುಂಬಾ ಹೋಗಿದೆ.

ಕಂಕನಾಡಿ ಸಿಸ್ಟರ್:

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ನಿದ್ದೆ ಮಾತ್ರೆಯ ಹಾಗೆ ಚಟ ಹಿಡಿಸುವಂಥವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು. ಶುರುವಿನಲ್ಲಿ ಹೊಟ್ಟೆ ತೊಳಸುವುದು, ಸ್ವಲ್ಪ ಚಡಪಡಿಕೆ ಆಗಬಹುದು, ಅದನ್ನು ಹೊಸ ರೋಗ ಅಂತ ತಿಳಿಯಬೇಡಿ, ಡಾಕ್ಟರಿಗೆ ತಿಳಿಸಿ. ಗುಣವಾಯಿತು ಅಂತ ನೀವೇ ಒಮ್ಮೆಗೇ ನಿಲ್ಲಿಸಬಾರದು, ಅವರು ಮೆಲ್ಲ ಮೆಲ್ಲ ಇಳಿಸುತ್ತಾರೆ.

ಮೊದಲು ಮನೆಯಿಂದಲೇ ಮಾತಾಡಬೇಕು ಅಂದರೆ 14416, ಟೆಲಿ ಮಾನಸ್. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಗೂಗಲ್ ತೆರೆಯುವ ಹೊತ್ತಿಗೆ ಈ ನಂಬರ್ ಒತ್ತಿ.

ನೇರ ಹೋಗುವುದಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಎಲ್ಲಿ ಅಂತ ಕೇಳಿ. ದೊಡ್ಡಣಗುಡ್ಡೆಯಲ್ಲಿ ಬಾಳಿಗಾ ಆಸ್ಪತ್ರೆ ಉಂಟು, ಮನೋರೋಗಕ್ಕೇ ಇರುವಂಥದ್ದು. ನಿಮಗೆ ಮಣಿಪಾಲವೂ ಹತ್ತಿರವೇ. ಹಳೆ ರಿಪೋರ್ಟಿನ ಫೈಲ್ ಹಿಡಿದುಕೊಂಡು ಹೋಗಿ, ಅದೇ ಟೆಸ್ಟು ಮತ್ತೆ ಮಾಡಿಸುವುದು ತಪ್ಪುತ್ತದೆ. ನಿದ್ದೆ ಎಷ್ಟು, ಕಾಫಿ ಎಷ್ಟು, ಬಸ್ಸಿನಲ್ಲಿ ಎಂತ ಆಗುತ್ತದೆ, ಇಲ್ಲಿ ಬರೆದ ಹಾಗೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಮೇಲೆ ಅರ್ಧ ಮರೆತುಹೋಗುತ್ತದೆ. ಗಂಡನನ್ನೂ ಕರೆದುಕೊಂಡು ಹೋಗಿ.

ಪರ್ಕಳದವಳು:

ಈ ಶನಿವಾರ ಇವರಿಗೆ ರಜೆ. ಅಜ್ಜರಕಾಡಿಗೆ ಇಬ್ಬರೂ ಹೋಗುತ್ತೇವೆ. ಬಸ್ಸಿನಲ್ಲೇ ಹೋಗುವ ಅಂತ ಹೇಳಿದ್ದೇನೆ.