ಬೆಲೆ ಏರಿಕೆಯನ್ನು ವರ್ಷ ವರ್ಷ ಕೂಡಿದರೆ ಸಾಕಾ?

ಪ್ರಶ್ನೆ: ಅಜ್ಜನ ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. ಅಂದಿನ ಹಣವನ್ನು ಇಂದಿನದಕ್ಕೆ ಹೋಲಿಸುತ್ತಿದ್ದೇನೆ. ವರ್ಷಕ್ಕೆ 6% ಏರಿಕೆ ಅಂದುಕೊಂಡರೆ, 30 ವರ್ಷಕ್ಕೆ 180% ಅಲ್ವಾ?

ಉತ್ತರ 1: ಇಲ್ಲ, ಇದು ಚಕ್ರಬಡ್ಡಿಯ ಹಾಗೆ. 100ನ್ನು 1.06ರಿಂದ 30 ಸಲ ಗುಣಿಸಿ, ಸುಮಾರು 574 ಬರುತ್ತದೆ. ಅಂದು 100ಕ್ಕೆ ಸಿಗುತ್ತಿದ್ದದ್ದಕ್ಕೆ ಈಗ 574 ಬೇಕು. ತಿರುಗಿಸಿ ನೋಡಿದರೆ, ಇಂದಿನ 100ಕ್ಕೆ ಅಂದಿನ 17ರಷ್ಟೇ ಶಕ್ತಿ. ನಾನೂ ಮೊದಲು ಹೀಗೇ ಸುಮ್ನೆ ಕೂಡಿ ಎಡವಿದ್ದೆ!

ಉತ್ತರ 2: ಎಲ್ಲಾ ವರ್ಷಕ್ಕೂ ಒಂದೇ ದರ ಹಿಡಿಯಬೇಡಿ. ಆಯಾ ವರ್ಷದ ಬೆಲೆ ಸೂಚ್ಯಂಕ (ಒಟ್ಟಾರೆ ಬೆಲೆ ಮಟ್ಟ ತೋರಿಸುವ ಸಂಖ್ಯೆ) ತೆಗೆದುಕೊಳ್ಳಿ, ಹೊಸದನ್ನು ಹಳೆಯದರಿಂದ ಭಾಗಿಸಿ. 1923ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಅಲ್ಲಿ ಸರಾಸರಿಗೆ ಏನರ್ಥ?

ಪ್ರಶ್ನೆ ಕೇಳಿದವರು: ಅಯ್ಯೋ, ಮೂರು ಪುಟ ಮತ್ತೆ ಬರೀಬೇಕು!