ಪ್ರಶ್ನೋತ್ತರ: ನೀರು ತುಂಬುತ್ತಲೇ ಹೊರಹಾಕುವ ವಾಷಿಂಗ್ ಮೆಷಿನ್, ಕೆಟ್ಟಿರುವುದು ಸೆನ್ಸರೇ?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯರು): ನಮಸ್ಕಾರ ಸರ್. ಮಳೆಗಾಲ ಹಿಡಿದಾಗಿನಿಂದ ನಮ್ಮ ಫ್ರಂಟ್ ಲೋಡ್ ಮೆಷಿನ್ ನೀರು ತೆಗೆದುಕೊಳ್ಳುತ್ತಿರುವಾಗಲೇ ಹೊರಗೂ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ನೀರಿನ ಮಟ್ಟದ ಎರರ್ ಕೋಡ್ ತೋರಿಸಿ ನಿಂತುಬಿಡುತ್ತದೆ. ಬಂದು ನೋಡಿದ ಮೆಕ್ಯಾನಿಕ್ ನೀರಿನ ಮಟ್ಟ ಅಳೆಯುವ ಸೆನ್ಸರ್ ಬದಲಾಯಿಸಿದರು. ಕೆಲವು ದಿನ ಸರಿಯಾಗಿದ್ದು ಮತ್ತೆ ಅದೇ ಕಥೆಯಾಗಿದೆ. ಈಗ ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡೇ ಹೋಗಿದೆ ಎನ್ನುತ್ತಾರೆ. ಬೋರ್ಡಿಗೆ ದುಡ್ಡು ಸುರಿಯುವ ಮೊದಲು ನಾವು ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಗೃಹೋಪಕರಣ ತಂತ್ರಜ್ಞ, ಚಿಕ್ಕಮಗಳೂರು): ಇದೆ. ಎರರ್ ಕೋಡ್ ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಬೋರ್ಡು ನಿರೀಕ್ಷಿಸಿದ ಸಂಕೇತ ಬರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಸಂಕೇತ ಬಾರದಿರುವುದಕ್ಕೆ ಸೆನ್ಸರ್ ಒಂದೇ ಕಾರಣವಲ್ಲ.

ಮೊದಲು ಡ್ರೈನ್ ಪೈಪನ್ನು ನೋಡಿ. ನಮ್ಮ ಕಡೆ ಮೆಷಿನ್ನನ್ನು ಬಚ್ಚಲಿನ ಪಕ್ಕ ಇಟ್ಟು, ಪೈಪಿನ ತುದಿಯನ್ನು ನೆಲದ ಮೋರಿಗೆ ಬಿಡುವುದು ರೂಢಿ. ತುದಿಯನ್ನು ಎಲ್ಲಿಯೂ ಎತ್ತರಿಸಿ ಕಟ್ಟದಿದ್ದರೆ ತುಂಬಿದ ನೀರು ಸೈಫನ್ ಆಗಿ ತಾನಾಗಿಯೇ ಹರಿದುಹೋಗುತ್ತದೆ. ನೀರು ಹೊರಬರುವಾಗ ಪಂಪಿನ ಗುಂಯ್ ಶಬ್ದ ಕೇಳಿಸದಿದ್ದರೆ ದೋಷ ಇದೇ. ಶಬ್ದ ಕೇಳಿಸುತ್ತಿದ್ದರೆ, ತೊಟ್ಟಿಯಲ್ಲಿ ನೀರು ಹೆಚ್ಚಾಗಿದೆ ಎಂದು ಬೋರ್ಡು ನಂಬಿದೆ ಎಂದು ಅರ್ಥ. ಆಗ ಪ್ಲಗ್ ಕಿತ್ತು ನೋಡಿ. ಕರೆಂಟ್ ಇಲ್ಲದಿದ್ದರೂ ನೀರು ಒಳಬರುತ್ತಲೇ ಇದ್ದರೆ ಇನ್‌ಲೆಟ್ ವಾಲ್ವು ಮುಚ್ಚಿಕೊಳ್ಳುತ್ತಿಲ್ಲ, ಅದರಲ್ಲಿ ಸೆನ್ಸರಿನ ಪಾತ್ರವೇನೂ ಇಲ್ಲ.

ಇವೆರಡೂ ಅಲ್ಲವಾದರೆ ಸೆನ್ಸರಿನ ಟ್ಯೂಬಿಗೆ ಬನ್ನಿ. ಈ ಸೆನ್ಸರ್ ನೀರನ್ನು ಮುಟ್ಟುವುದೇ ಇಲ್ಲ. ತೊಟ್ಟಿಯ ತಳಭಾಗದ ಒಂದು ಸಣ್ಣ ಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಏರಿದಂತೆ ಆ ಗಾಳಿ ಒತ್ತಲ್ಪಟ್ಟು, ಬೆರಳಿಗಿಂತ ತೆಳುವಾದ ರಬ್ಬರ್ ಟ್ಯೂಬಿನ ಮೂಲಕ ಮೇಲಿನ ಸೆನ್ಸರಿಗೆ ತಲುಪುತ್ತದೆ. ಹತ್ತು ಸೆಂಟಿಮೀಟರ್ ನೀರಿನ ಒತ್ತಡ ಸುಮಾರು 1 ಕಿಲೋಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಇಷ್ಟು ಅಲ್ಪ ಒತ್ತಡವನ್ನು ಅಳೆಯುವಾಗ ಇಲಿ ಕಚ್ಚಿದ ಒಂದು ಸಣ್ಣ ತೂತು ಅಥವಾ ಕೋಣೆಯ ಬಾಯಲ್ಲಿ ಗಟ್ಟಿಯಾದ ಸೋಪಿನ ಜಿಗಟು ಸಾಕು, ಲೆಕ್ಕವೆಲ್ಲ ತಪ್ಪುತ್ತದೆ. ಸೆನ್ಸರ್ ಬದಲಾಯಿಸಿದ ಮೇಲೆ ಕೆಲವು ದಿನ ಸರಿಹೋಗಿತ್ತು ಎಂದಿರಿ. ಟ್ಯೂಬನ್ನು ಕಳಚಿದಾಗ ಒಳಗೆ ಸಿಕ್ಕಿಕೊಂಡಿದ್ದ ಒತ್ತಡ ಬಿಟ್ಟುಕೊಂಡಿರಬೇಕು. ನನ್ನ ಅನುಮಾನ ಟ್ಯೂಬಿನ ಮೇಲೆಯೇ ಇದೆ. ಪ್ಲಗ್ ಕಿತ್ತು, ಟ್ಯೂಬನ್ನು ಸೆನ್ಸರಿನಿಂದ ಬಿಡಿಸಿ, ತೊಟ್ಟಿಯ ಕಡೆಗೆ ಮೆಲ್ಲಗೆ ಊದಿ ನೋಡಿ. ಸೆನ್ಸರಿನೊಳಕ್ಕೆ ಮಾತ್ರ ಊದಬೇಡಿ.

ಮರುಪ್ರಶ್ನೆ (ಅದೇ ಸದಸ್ಯರು): ಪಂಪಿನ ಶಬ್ದ ಬರುತ್ತದೆ, ಪ್ಲಗ್ ಕಿತ್ತರೆ ನೀರು ನಿಲ್ಲುತ್ತದೆ. ಊದಿದರೆ ಗಾಳಿ ಹೋಗುವುದೇ ಕಷ್ಟ. ಸೆನ್ಸರಿನ ಕನೆಕ್ಟರ್ ತೆಗೆದಾಗ ಒಂದು ಪಿನ್ನಿನ ಮೇಲೆ ಹಸಿರು ಪುಡಿಯಂಥದ್ದು ಕಾಣಿಸಿತು.

ಉತ್ತರ: ಹಾಗಿದ್ದರೆ ಬೋರ್ಡಿನ ಮಾತನ್ನು ಸದ್ಯಕ್ಕೆ ಬಿಡಿ. ಕೋಣೆಯನ್ನು ಬಿಚ್ಚಿಸಿ ಬಿಸಿನೀರಿನಲ್ಲಿ ತೊಳೆಸಿ, ಟ್ಯೂಬು ಗಡುಸಾಗಿದ್ದರೆ ಹೊಸದು ಹಾಕಿಸಿ. ಹಸಿರು ಪುಡಿ ತೇವದಿಂದ ತಾಮ್ರ ಕಿಲುಬು ಹಿಡಿದದ್ದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕೂಡಿಸಿ. ಸೆನ್ಸರು ಬೋರ್ಡಿಗೆ ಕಳುಹಿಸುವುದು ಆವರ್ತನದ ಸಂಕೇತ. ಅನೇಕ ಮಾದರಿಗಳಲ್ಲಿ ತೊಟ್ಟಿ ಖಾಲಿಯಿದ್ದಾಗ ಅದು 25–26 ಕಿಲೋಹರ್ಟ್ಸ್ ಆಸುಪಾಸಿನಲ್ಲಿದ್ದು, ನೀರು ಏರಿದಂತೆ ಇಳಿಯುತ್ತದೆ. ಕಿಲುಬು ಹಿಡಿದ ಪಿನ್ನಿನಲ್ಲಿ ಆ ಸಂಕೇತ ಬಿಟ್ಟುಬಿಟ್ಟು ಬರುತ್ತದೆ. ಜಿಗಟು ಮತ್ತೆ ಕಟ್ಟದಿರಬೇಕಾದರೆ ಪೌಡರ್ ಕಡಿಮೆ ಮಾಡಿ. ಮಲೆನಾಡಿನ ಹಳ್ಳದ ನೀರು ಮೆದು, ಅದರಲ್ಲಿ ಸ್ವಲ್ಪ ಪೌಡರೇ ಬೇಕಾದಷ್ಟು ನೊರೆ ಕೊಡುತ್ತದೆ.

ಪ್ರಶ್ನೆ (ಅರಸೀಕೆರೆಯ ಸದಸ್ಯರು): ನಮ್ಮಲ್ಲಿ ಬೋರ್‌ವೆಲ್ ನೀರು. ಮೆಷಿನ್ ನೀರು ಕಾಯಿಸುವುದಿಲ್ಲ, ತಾಪಮಾನದ ಎರರ್ ಬರುತ್ತದೆ. ಟೆಂಪರೇಚರ್ ಸೆನ್ಸರ್ ತರಿಸಲೇ ಮೇಡಂ ಎಂದು ಅಂಗಡಿಯವರು ನನ್ನ ಶ್ರೀಮತಿಯವರನ್ನು ಕೇಳುತ್ತಿದ್ದಾರೆ. ತರಿಸಬಹುದೇ ಸರ್?

ಉತ್ತರ: ಈಗಲೇ ಬೇಡ. ಗಡಸು ನೀರಿರುವ ಊರಿನಲ್ಲಿ ನಾನು ಮೊದಲು ಹೀಟರನ್ನು ಅನುಮಾನಿಸುತ್ತೇನೆ, ಸೆನ್ಸರನ್ನು ಆಮೇಲೆ. ಹೀಟರಿನ ಮೇಲೆ ಸುಣ್ಣದ ಪದರ ಕಟ್ಟಿ, ಶಾಖ ನೀರಿಗೆ ಇಳಿಯದೆ ಒಳಗಿನ ತಂತಿ ಸುಟ್ಟುಹೋಗುತ್ತದೆ. 230 ವೋಲ್ಟ್‌ನ 2000 ವ್ಯಾಟ್ ಹೀಟರು ಸುಮಾರು 26 ಓಮ್ (ವಿದ್ಯುತ್ ತಡೆಯ ಅಳತೆ) ತೋರಿಸಬೇಕು; ಮಲ್ಟಿಮೀಟರ್ ಏನೂ ತೋರಿಸದಿದ್ದರೆ ಹೀಟರ್ ಹೋಗಿದೆ. ಅದು ಸರಿಯಿದ್ದರೆ ಸೆನ್ಸರನ್ನು ಹೊರತೆಗೆದು ಮೀಟರಿಗೆ ಜೋಡಿಸಿ, ಅದರ ತುದಿಯನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ. ನೀರಿನ ಶಾಖ ತಗಲಿದಂತೆ ಓಮ್ ಒಂದೇ ಸಮನೆ ಇಳಿಯಬೇಕು. ಮಧ್ಯೆ ನೆಗೆದರೆ ಅಥವಾ ಅಲುಗಾಡದೆ ನಿಂತರೆ ಮಾತ್ರ ಸೆನ್ಸರ್ ತರಿಸಿ.

ಇಬ್ಬರಿಗೂ ಹೇಳುವುದಿದೆ: ಪ್ಲಗ್ ಕೀಳದೆ ಹಿಂಬದಿಯ ಮುಚ್ಚಳ ತೆಗೆಯಬೇಡಿ. ಇನ್ವರ್ಟರ್ ಮೆಷಿನ್ನಾದರೆ (ಮೋಟರಿನ ವೇಗವನ್ನು ಬೋರ್ಡೇ ನಿಯಂತ್ರಿಸುವಂಥದ್ದು) ವಿದ್ಯುತ್ ಕೂಡಿಟ್ಟುಕೊಳ್ಳುವ ಬೋರ್ಡಿನ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರುತ್ತದೆ, ಪ್ಲಗ್ ಕಿತ್ತೊಡನೆ ಅದು ಇಳಿಯುವುದಿಲ್ಲ. ಆದ್ದರಿಂದ ಹತ್ತು ನಿಮಿಷವಾದರೂ ಕಾಯಿರಿ, ಬೋರ್ಡನ್ನಂತೂ ಮುಟ್ಟಲೇಬೇಡಿ. ಹೀಟರಿನ ಓಮ್ ಎಷ್ಟು ಬಂತೆಂದು ಇಲ್ಲಿಯೇ ಬರೆಯಿರಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.